ಬೇವು ಚಿಗುರುವ ತನಕ

ಆ ಮನೆಯಲ್ಲಿ ಅಡುಗೆ ಆಗುತ್ತಿದ್ದುದು ಒಂದು ಸಲ, ಬಡಿಸುವುದು ಎರಡು ಸಲ. ಸಂಜೆ ಏಳಕ್ಕೆ ಗಂಡ ಉಂಡು ಎದ್ದು, ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡ ಮೇಲೆ, ಎಂಟಕ್ಕೆ ಮಗ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದ. ಅಷ್ಟರಲ್ಲಿ ಅನ್ನ ಆರಿರುತ್ತಿತ್ತು. ಹೊಲಿಗೆಯಮ್ಮ ಮತ್ತೆ ಒಲೆ ಹಚ್ಚಿ, ಮತ್ತೆ ಬಿಸಿ ಮಾಡಿ, ಗಂಡನ ಮಾತನ್ನು ಮಗನಿಗೂ ಮಗನ ಮಾತನ್ನು ಗಂಡನಿಗೂ ಮುಟ್ಟಿಸಬೇಕಾಗಿತ್ತು. ಹನ್ನೊಂದು ದಿನದಿಂದ ಇದೇ ಪಾಡು.

ಹೊಲಿಗೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಹಾಗೆಂದು ಅವಳೇನು ಹೊಸ ಬಟ್ಟೆ ಹೊಲಿಯುವವಳಲ್ಲ. ಬಿಗಿಯಾದದ್ದನ್ನು ಸಡಿಲ ಮಾಡಿ, ಉದ್ದವಾದದ್ದನ್ನು ಮಡಿಸಿ, ಹರಿದದ್ದನ್ನು ಹರಿದಿತ್ತೆಂದೇ ಗೊತ್ತಾಗದ ಹಾಗೆ ಸೇರಿಸಿ ಕೊಡುವವಳು. ಮಾತಿನಲ್ಲೂ ಅವಳದು ಅದೇ ಕಸುಬು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಯಾರು ಯಾರಿಗೆ ಏನಂದರೂ ಅದು ಅವಳ ಕೈ ಹಾಯ್ದು, ಚುಚ್ಚುವ ತುದಿ ಕಳೆದುಕೊಂಡೇ ಮುಂದೆ ಹೋಗುತ್ತಿತ್ತು.

ಜಗಳ ಹುಟ್ಟಿದ್ದು ಮನೆ ಎದುರಿನ ಬೇವಿನ ಮರದಿಂದ. ಗಂಡ ನಗರದ ತೋಟಗಾರಿಕೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮಾಲಿಯಾಗಿದ್ದವನು. ನಿವೃತ್ತನಾಗಿ ಮೂರು ವರ್ಷವಾದರೂ ಬೀದಿಗೆಲ್ಲ ಅವನು ಮಾಲಿಯೇ. ಈ ಬಾಡಿಗೆ ಮನೆಗೆ ಬಂದ ವರ್ಷ ಬೀದಿಯುದ್ದಕ್ಕೂ ಹನ್ನೊಂದು ಬೇವಿನ ಸಸಿ ನೆಟ್ಟಿದ್ದ. ಒಂದು ಚರಂಡಿಗೆ ಹೋಯಿತು, ಎರಡು ಕರೆಂಟ್ ತಂತಿಗೆ ಹೋದವು, ಒಂದನ್ನು ಅಂಗಡಿಯವನು ತನ್ನ ಬೋರ್ಡ್ ಕಾಣುವುದಿಲ್ಲವೆಂದು ಬುಡಕ್ಕೆ ಏನೋ ಸುರಿದು ಒಣಗಿಸಿದ. ಹೀಗೆ ಒಂದೊಂದಾಗಿ ಹೋಗಿ, ಉಳಿದದ್ದು ಇವರ ಕಿಟಕಿಯ ಎದುರಿನದೊಂದೇ. ಅದರ ನೆರಳಿನಲ್ಲಿಯೇ ಹೊಲಿಗೆಯಮ್ಮನ ಮಿಷನ್ ಓಡುತ್ತಿತ್ತು.

ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಬಂದಾಗ ಮಾಲಿ ಒಂದು ಅರ್ಜಿ ಬರೆದು, ಮನೆಮನೆ ಅಲೆದು, ಎಪ್ಪತ್ತು ಸಹಿ ಕೂಡಿಸಿದ. ಮಗನಿಗೆ ಅರ್ಜಿಯ ಹಣೆಬರಹ ಗೊತ್ತಿತ್ತು. ಅವನೂ ಅದೇ ಕಚೇರಿಯಲ್ಲಿ, ಮರಗಳನ್ನು ಬೇರುಸಮೇತ ಎತ್ತಿ ಬೇರೆಡೆ ನೆಡುವ ತಂಡದ ಮೇಸ್ತ್ರಿ. ಕಡಿಯುವ ಪಟ್ಟಿಯಲ್ಲಿದ್ದ ಬೇವನ್ನು ಸಾಗಿಸುವ ಪಟ್ಟಿಗೆ ಹಾಕಿಸಲು ಅವನು ಎರಡು ವಾರ ಯಾರ್‍ಯಾರ ಕೈಕಾಲು ಹಿಡಿದನೋ. ಅದಕ್ಕೆ ಹತ್ತಿರದ ಮನೆಯವರ ಒಪ್ಪಿಗೆ ಸಹಿ ಬೇಕಿತ್ತು. ಅಪ್ಪ ಹಾಕುವುದಿಲ್ಲವೆಂದು ಗೊತ್ತಿದ್ದೇ ಮಗ ತಾನು ಹಾಕಿದ. ಹಾಕಿದವನು ಮನೆಯಲ್ಲಿ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಕ್ರೇನ್ ಬಂದು ನಿಂತಿತು.

ಮಾಲಿ ಹಲ್ಲುಜ್ಜುತ್ತಿದ್ದವನು ಬ್ರಷ್ ಹಿಡಿದುಕೊಂಡೇ ಹೊರಗೆ ಹೋದ.

"ಇದಕ್ಕೆ ಸಹಿ ಹಾಕಿದ್ದು ಯಾರು?"

"ನಾನೇ ಅಪ್ಪ. ಹಾಕದಿದ್ರೆ ನಾಡಿದ್ದು ಗರಗಸ ಬರ್ತಿತ್ತು."

"ಮರ ಅಂದ್ರೆ ಮಂಚಾನಾ, ಈ ಕೋಣೆಯಿಂದ ಆ ಕೋಣೆಗೆ ಎಳೆಯೋಕೆ?"

"ಬದುಕುತ್ತೆ ಅಪ್ಪ. ಎಷ್ಟೋ ಬದುಕಿವೆ."

"ಎಷ್ಟು?"

ಮಗ ಕ್ರೇನಿನ ಕಡೆ ನೋಡಿದ. "ಹತ್ತಕ್ಕೆ ನಾಲ್ಕು," ಎಂದ.

ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ಬಾಗಿಲಲ್ಲಿ ನಿಂತ ಹೊಲಿಗೆಯಮ್ಮನಿಗೆ ಅನಿಸಿತು. ಮಾಲಿ ಬಾಯಲ್ಲಿದ್ದ ನೊರೆ ಉಗುಳಿ, "ಅದು ಚಿಗುರಿದ ದಿನ ನನ್ನ ಜೊತೆ ಮಾತಾಡು. ಅಲ್ಲೀತನಕ ಬೇಡ," ಎಂದವನೇ ಒಳಗೆ ಬಂದ.

ಕೊಂಬೆಗಳನ್ನು ಮೋಟು ಮಾಡಿ, ಬೇರಿನ ಮಣ್ಣುಂಡೆಗೆ ಗೋಣಿತಾಟು ಸುತ್ತಿ, ಮರವನ್ನು ನೀರಿನ ಟ್ಯಾಂಕ್ ಹಿಂದಿನ ಬಯಲಿಗೆ ಒಯ್ದರು. ಅಲ್ಲಿ ಊರಿನ ನಾನಾ ರಸ್ತೆಗಳಿಂದ ಕಿತ್ತು ತಂದ ನಲವತ್ತು ಮರಗಳು ಸಾಲಾಗಿ, ಮೋಟಾಗಿ ನಿಂತಿದ್ದವು. ಮಾರನೆಯ ಮಧ್ಯಾಹ್ನ ಹೊಲಿಗೆಯಮ್ಮನ ಮಿಷನ್ ಮೇಲೆ ಬಿಸಿಲು ನೇರ ಬಿತ್ತು. ಯಾರದೋ ನೀಲಿ ಅಂಗಿಯ ಬಣ್ಣ ಹೋದೀತೆಂದು ಅವಳು ಕಿಟಕಿಗೆ ಹಳೆಯ ಹೊದಿಕೆಯೊಂದನ್ನು ಕಟ್ಟಿದಳು.

ಅವಳಿಗೆ ಬೇಕಿದ್ದದ್ದು ಒಂದೇ. ಆ ಮರ ಚಿಗುರಬೇಕು, ಅಪ್ಪ ಮಗ ಒಂದೇ ಹೊತ್ತಿಗೆ ಕೂತು ಉಣ್ಣಬೇಕು. ಒಂದು ಗೂಡಿನಂಥ ಮನೆಯಲ್ಲಿ ಇಬ್ಬರು ಗಂಡಸರು ಮುಖ ಊದಿಸಿಕೊಂಡು ತಿರುಗಿದರೆ ನಡುವೆ ಸಿಕ್ಕಿದವಳ ಗತಿಯೇನು?

ಮರ ಸಾಗಿಸಿದ ವಾರದಲ್ಲಿ ಮಗ ಉಣ್ಣುತ್ತ ಹೇಳಿದ. "ಅಮ್ಮ, ಅಪ್ಪನಿಗೆ ಒಂದು ಮಾತು ಹೇಳು. ಆ ಬಯಲಲ್ಲಿ ಜೇಡಿಮಣ್ಣು, ನೀರು ಇಳಿಯೋದೇ ಇಲ್ಲ. ಮೂರು ದಿನಕ್ಕೊಂದು ಸಲ ನಮ್ಮ ಟ್ಯಾಂಕರ್ ಹಾಕುತ್ತೆ, ಅಷ್ಟೇ ಸಾಕು. ಅವರು ಹೋಗಿ ಒಂದು ತೊಟ್ಟು ನೀರೂ ಹಾಕಬಾರದು. ಪಾರ್ಕಿನ ಲೆಕ್ಕ ಅಲ್ಲಿ ನಡೆಯಲ್ಲ ಅಂತ ಹೇಳು."

"ಆಯ್ತಪ್ಪ, ಹೇಳ್ತೀನಿ. ಇನ್ನೊಂದು ಚಮಚ ಹಾಕ್ಲಾ?"

ಹೇಳಬೇಕೆಂದೇ ಅವಳು ಹೊರಟದ್ದು. ಬೆಳಿಗ್ಗೆ ಚಹಾ ಕೊಡುವಾಗ ಗಂಡನ ಮುಖ ನೋಡಿದಳು. ಮೂವತ್ತನಾಲ್ಕು ವರ್ಷ ಗಿಡಕ್ಕೆ ನೀರು ಹಾಕಿದ ಮನುಷ್ಯ. ಅವನಿಗೆ ಹೋಗಿ, ನಿನ್ನ ಲೆಕ್ಕ ನಡೆಯಲ್ಲವಂತೆ, ಮುಟ್ಟಬೇಡವಂತೆ ಎನ್ನುವುದು ಹೇಗೆ? ನಾಲಿಗೆ ತಾನಾಗಿಯೇ ಹೊರಳಿತು.

"ಮಗ ಹೇಳ್ದ, ಮರದ ಕಡೆ ನೀವೂ ಒಂದು ಕಣ್ಣಿಟ್ಟಿರಬೇಕಂತೆ. ಅಪ್ಪನಿಗಿಂತ ಗೊತ್ತಿರೋರು ಯಾರಿದಾರೆ ಅಂದ."

ಮಾಲಿ ಚಹಾ ಕೆಳಗಿಟ್ಟ. "ಹಾಗಂದನಾ?"

"ಹೂಂ ಮತ್ತೆ."

ಅವನು ಮಾರನೆಯ ದಿನ ಬೆಳಕು ಹರಿಯುವಾಗಲೇ ಎರಡು ಡಬ್ಬಿ ನೀರು ಹೊತ್ತು ಬಯಲಿಗೆ ಹೊರಟ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಗಂಡನ ಕಾಲಿಗೆ ಮತ್ತೆ ಕಸುವು ಬಂದದ್ದು ನೋಡಿ ಹೊಲಿಗೆಯಮ್ಮನ ಹೊಟ್ಟೆ ತಣ್ಣಗಾಯಿತು. ಸಂಜೆ ಬಟ್ಟೆ ಮುಟ್ಟಿಸಲು ಆ ಕಡೆ ಹೋದಾಗ ಬರಿಗೈಯಲ್ಲಿ ಹೋಗುವುದೇಕೆಂದು ತಾನೂ ಒಂದು ಬಾಟಲಿ ನೀರು ಸುರಿದು ಬರುತ್ತಿದ್ದಳು.

ಸೊಸೆಗೆ ಮಾತ್ರ ಈ ಅಂಚೆ ಕೆಲಸ ಹಿಡಿಸಿರಲಿಲ್ಲ. ಅವಳು ಬಸ್ ಕಂಡಕ್ಟರ್. ದಿನಕ್ಕೆ ಸಾವಿರ ಜನರ ಜೊತೆ ಕಡ್ಡಿ ಮುರಿದ ಹಾಗೆ ಮಾತಾಡಿ ಬರುವವಳು. ಒಂದು ಭಾನುವಾರ ತರಕಾರಿ ಹೆಚ್ಚುತ್ತ ಅತ್ತೆಯ ಮುಖಕ್ಕೇ ಹೇಳಿದಳು.

"ಅತ್ತೆ, ಅವರು ಒಂದು ಹೇಳ್ತಾರೆ, ನೀವು ಇನ್ನೊಂದು ಮಾಡಿ ಹೇಳ್ತೀರ. ನಾನು ಕೇಳಿಸ್ಕೊಂಡಿದೀನಿ."

"ಬೈಗುಳ ಬಿಟ್ಟು ಬಾಕಿ ಹೇಳ್ತೀನಿ ಕಣೆ."

"ಟಿಕೆಟ್ ಅರ್ಧ ಹರಿದುಕೊಟ್ರೆ ಅದು ಟಿಕೆಟ್ಟೇ ಅಲ್ಲ. ಅವರು ಹೇಳಿದ್ದನ್ನ ಹೇಳಿದ ಹಾಗೇ ದಾಟಿಸಿ. ಇಲ್ಲ ಅಂದ್ರೆ ನೀವೇ ಮಾತಾಡ್ಕೊಳ್ಳಿ ಅಂತ ಬಿಟ್ಟುಬಿಡಿ."

"ನಿನಗೆ ಇನ್ನೂ ಆರು ವರ್ಷದ ಸಂಸಾರ. ನೋಡ್ತಿರು," ಎಂದು ಹೊಲಿಗೆಯಮ್ಮ ನಕ್ಕಳು. ಸೊಸೆ ನಗಲಿಲ್ಲ. ಈರುಳ್ಳಿ ಹೆಚ್ಚಿ ಮುಗಿಸಿ ಡ್ಯೂಟಿಗೆ ಹೋದಳು.

ಮೂರನೆಯ ವಾರ ಮಾಲಿ ಬಯಲಿನಿಂದ ಬಂದವನು ಚಪ್ಪಲಿ ಬಿಡದೆ ಅಡುಗೆಮನೆಗೇ ಬಂದ. "ಮೋಟು ಕೊಂಬೇಲಿ ಎರಡು ಚಿಗುರು ಕಾಣಿಸ್ತು. ಕೆಂಪಗೆ, ಉಗುರಿನಷ್ಟು," ಎಂದ.

ಹೊಲಿಗೆಯಮ್ಮನ ಕೈಯಿಂದ ಸೌಟು ಜಾರುವುದೊಂದು ಬಾಕಿ. "ಹಾಗಾದ್ರೆ ಇವತ್ತು ಇಬ್ಬರಿಗೂ ಒಟ್ಟಿಗೇ ಬಡಿಸ್ಲಾ?"

ಮಾಲಿ ಆಸೆಪಟ್ಟವನಂತೆ ಒಂದು ಗಳಿಗೆ ನಿಂತ. ಆಮೇಲೆ ಬೇಡವೆಂದು ತಲೆಯಾಡಿಸಿದ. "ಅದು ಕಾಂಡದಲ್ಲಿ ಉಳಿದ ಹಳೇ ರಸದ ಚಿಗುರು. ಬೇರು ಮಣ್ಣು ಹಿಡಿದ ಮೇಲೆ ಬರೋದೇ ನಿಜವಾದ್ದು. ಇನ್ನೊಂದು ಹದಿನೈದು ದಿನ ನಿಲ್ಲಲಿ, ನೋಡೋಣ."

"ಮಗನಿಗೆ ಹೇಳ್ಲಾ?"

"ಬೇಡ. ಅವನೂ ನೋಡಿರ್ತಾನೆ."

ಮಗ ನೋಡಿದ್ದ. ಆ ರಾತ್ರಿ ಎರಡು ತುತ್ತು ಹೆಚ್ಚಿಗೆ ಉಂಡ, ಹೆಂಡತಿಯನ್ನು ರೇಗಿಸಿದ, ಒಳಕೋಣೆಯ ಬಾಗಿಲಿನ ಕಡೆ ನಾಲ್ಕು ಸಲ ನೋಡಿದ. ಬಾಗಿಲು ತೆರೆಯಲಿಲ್ಲ.

ಇನ್ನೊಂದು ವಾರಕ್ಕೆ ಆ ಎರಡು ಚಿಗುರೂ ಬಾಡಿದವು. ಮಾಲಿ ಬುಡದಲ್ಲಿ ಹಾಸಿದ್ದ ಒಣಹುಲ್ಲು ಸರಿಸಿ ಒಂದು ಕಡ್ಡಿ ಊರಿ ನೋಡಿದ. ಮೇಲೆ ಒಣಗಿದಂತಿದ್ದ ಮಣ್ಣಿನಲ್ಲಿ ಕಡ್ಡಿ ಮೊಳದುದ್ದ ಸಲೀಸಾಗಿ ಇಳಿಯಿತು. ಎತ್ತಿದರೆ ಕೆಸರು, ಕೊಳೆತ ವಾಸನೆ. ಮನೆಗೆ ಬಂದವನು ಕೈಯನ್ನೂ ತೊಳೆಯಲಿಲ್ಲ.

"ನಿನ್ನ ಮಗನಿಗೆ ಹೇಳು. ಟ್ಯಾಂಕರ್ ಇವತ್ತೇ ನಿಲ್ಲಿಸಲಿ. ಬುಡದಲ್ಲಿ ನೀರು ನಿಂತು ಬೇರು ಕೊಳೀತಿದೆ. ನಾನು ದಿನಾ ಹಾಕೋದೇ ಜಾಸ್ತಿಯಾಯ್ತು, ಅದರ ಮೇಲೆ ಅವನ ಟ್ಯಾಂಕರ್. ನಾನೂ ಇವತ್ತಿಂದ ನಿಲ್ಲಿಸ್ತೀನಿ. ಮರ ಸಾಯಿಸ್ತಿದೀಯ ಮೂರ್ಖ ಅಂದೆ ಅಂತಾನೇ ಹೇಳು. ಇದೇ ಮಾತಲ್ಲಿ ಹೇಳು."

"ಇದೇ ಮಾತಲ್ಲೇ ಹೇಳ್ತೀನಿ."

ಸಂಜೆ ಮಗ ಬಂದದ್ದೇ ಸೋತ ಮುಖದಲ್ಲಿ. ಇಪ್ಪತ್ತು ಜನರ ಎದುರು ಸಾಹೇಬರು ಬೈದಿದ್ದರಂತೆ. ನಿನ್ನ ಮರಗಳಲ್ಲಿ ಅರ್ಧ ಒಣಗಿವೆ, ಸೌದೆ ಸಾಗಿಸೋಕೆ ನಿನಗೆ ಸಂಬಳ ಕೊಡಬೇಕಾ ಎಂದಿದ್ದರಂತೆ. ತಟ್ಟೆಯ ಮುಂದೆ ಕೂತು ಅನ್ನ ಕಲೆಸಿದ, ಬಾಯಿಗಿಡಲಿಲ್ಲ. ಅಂಥ ಹೊತ್ತಿನಲ್ಲಿ ಹೆತ್ತವಳು ಏನೆಂದಾಳು? ಮೂರ್ಖ, ಮರ ಸಾಯಿಸ್ತಿದೀಯ ಎಂದು ಹೇಳುವುದಕ್ಕೆ ಬಾಯಾದರೂ ಹೇಗೆ ಬಂದೀತು? ಅವಳಿಗೆ ಬರಲಿಲ್ಲ.

"ಅಮ್ಮ, ಅಪ್ಪ ಏನಾದ್ರೂ ಅಂದ್ರಾ?"

"ನೀರಿನ ವಿಚಾರ ಅಂದ್ರು. ನೀರಿನ ಕಡೆ ಸ್ವಲ್ಪ ಗಮನ ಕೊಡಬೇಕಂತೆ."

ಮಗ ತಲೆಯೆತ್ತಿದ. "ಅವರಾಗೇ ಹೇಳಿದ್ರಾ?"

"ಅವರಾಗೇ. ನಿನ್ನ ಮೇಲೇನೂ ಕೋಪ ಇಲ್ಲ ಕಣೋ."

"ಚಿಗುರು ಬಾಡಿದ್ದು ನೋಡಿರಬೇಕು. ಸಾಲದೇನೋ ಅಂತ ನನಗೂ ಅನುಮಾನ ಇತ್ತು. ಸರಿ, ಇನ್ನು ದಿನಾ ಹಾಕಿಸ್ತೀನಿ. ಹಾಗೇ ಮಾಡ್ತೀನಂತೆ ಅಂತ ಹೇಳಿಬಿಡು." ಹೇಳಿ ಅವನು ಮೊದಲ ತುತ್ತು ಬಾಯಿಗಿಟ್ಟ.

ದಿನಾ ಎಂಬ ಮಾತು ಹೊಲಿಗೆಯಮ್ಮನ ಕಿವಿಗೆ ಬಿತ್ತು. ಎಲ್ಲೋ ಒಂದಿಷ್ಟು ಚುಚ್ಚಿತು ಕೂಡ. ಆದರೆ ಮಗ ಉಣ್ಣುತ್ತಿದ್ದ. ನೀರು ಹೆಚ್ಚಾಗಿ ಯಾವ ಮರ ಸತ್ತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ತಟ್ಟೆಗೆ ಇನ್ನಷ್ಟು ಬಡಿಸಿದಳು. ಬೆಳಿಗ್ಗೆ ಗಂಡ ಕೇಳಿದಾಗ, "ಹೇಳಿದೆ. ನೀವು ಹೇಳಿದ ಹಾಗೇ ಮಾಡ್ತಾನಂತೆ," ಎಂದಳು. ಮಾಲಿ ನಿಟ್ಟುಸಿರು ಬಿಟ್ಟು ಡಬ್ಬಿಗಳನ್ನು ಮಂಚದ ಕೆಳಗೆ ತಳ್ಳಿದ. ಬೇರನ್ನು ಕೆದಕದೆ ಬಿಡಬೇಕು, ಹದಿನೈದು ದಿನ ಆ ಕಡೆ ಹೋಗುವುದೇ ಬೇಡ ಎಂದು ತೀರ್ಮಾನ ಮಾಡಿಕೊಂಡ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಮಗ ಮನೆಗೆ ಬಂದ. ಕೆಲಸದ ಹೊತ್ತಿನಲ್ಲಿ ಅವನು ಬರುವವನಲ್ಲ. ಸೊಸೆ ಬೆಳಗಿನ ಪಾಳಿ ಮುಗಿಸಿ ಕಾಲು ಚಾಚಿ ಕೂತಿದ್ದಳು, ಮಾಲಿ ಉಣ್ಣುತ್ತಿದ್ದ. ಮಗ ಮೇಜಿನ ಮೇಲೆ ಒಂದು ಪೇಪರ್ ಪೊಟ್ಟಣ ಬಿಚ್ಚಿಟ್ಟ. ಕಪ್ಪಗೆ, ಮೆತ್ತಗೆ, ಬೆರಳಿಟ್ಟರೆ ಸಿಪ್ಪೆ ಜಾರುವ ಬೇರು. ಕೋಣೆ ತುಂಬ ನಾತ ಹಬ್ಬಿತು.

"ಅಮ್ಮ, ಅಪ್ಪನಿಗೆ ಹೇಳು. ಮರ ಹೋಯ್ತು. ಅವರು ಹೇಳಿದ ಹಾಗೆ ದಿನಾ ನೀರು ಹಾಕಿಸಿದ್ದಕ್ಕೇ ಹೋಯ್ತು."

ಮಾಲಿಯ ಕೈ ತಟ್ಟೆಯಲ್ಲೇ ನಿಂತಿತು. "ಅವನಿಗೆ ಹೇಳು," ಎಂದ, ದನಿ ಏರಿಸದೆ. "ನಾನು ನಿಲ್ಲಿಸು ಅಂದಿದ್ದೆ."

"ನಿಲ್ಲಿಸು ಅಂತ ಯಾರಂದ್ರು? ಗಮನ ಕೊಡು ಅಂತ ಹೇಳಿ ಕಳಿಸಿದ್ದು ಅವರೇ. ಮೊದಲೇ ನಾನು ಒಂದು ತೊಟ್ಟೂ ಹಾಕಬೇಡಿ ಅಂದಿದ್ರೂ ಡಬ್ಬಿಗಟ್ಟಲೆ ಹೊತ್ತಿದಾರೆ. ಬಯಲಿನ ಕಾವಲುಗಾರ ಇವತ್ತು ಹೇಳ್ದ."

"ಹಾಕಬೇಡಿ ಅಂದನಾ? ಕಣ್ಣಿಟ್ಟಿರಿ ಅಂದವನು ಅವನೇ ಅಲ್ವಾ?"

ಇಬ್ಬರೂ ಮಾತಾಡುತ್ತಿದ್ದದ್ದು ಹೊಲಿಗೆಯಮ್ಮನ ಮುಖ ನೋಡಿಕೊಂಡು. ಅವಳು ಮಿಷನ್ ಮುಂದೆ ಕೂತಿದ್ದಳು. ಕಾಲು ಪೆಡಲಿನ ಮೇಲಿತ್ತು, ಚಕ್ರ ನಿಂತಿತ್ತು. ಸೊಸೆ ನಿಧಾನಕ್ಕೆ ಎದ್ದು ಬಂದಳು.

"ಅತ್ತೆ, ನೀವು ಇವರಿಗೆ ಏನು ಹೇಳಿದ್ರಿ, ಮಾವನಿಗೆ ಏನು ಹೇಳಿದ್ರಿ? ಹೇಳಿದ ಮಾತಲ್ಲೇ ಹೇಳಿಬಿಡಿ."

ಹೊಲಿಗೆಯಮ್ಮ ಹೇಳಿದಳು. ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ, ಮೂರ್ಖ ಎಂದದ್ದನ್ನು ಮೂರ್ಖ ಎಂದೇ, ಪಾರ್ಕಿನ ಲೆಕ್ಕ ನಡೆಯಲ್ಲ ಎಂದದ್ದನ್ನು ಹಾಗೆಯೇ. ಸಂಜೆಯ ಬಾಟಲಿ ನೀರನ್ನೂ ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳ ಬಾಯಿಂದ ಮಾತುಗಳು ಬಂದ ಹಾಗೇ ಹೋದವು. ಮುಗಿಸಿ, "ನೀವಿಬ್ಬರೂ ನೋಯಬಾರದು ಅಂತ," ಎಂದಳು.

ಮಾಲಿ ಪೊಟ್ಟಣದಿಂದ ಒಂದು ಬೇರು ಎತ್ತಿ, ಉಗುರಿನಿಂದ ಗೀರಿ ನೋಡಿದ. ಆಮೇಲೆ ಮಗನ ಕಡೆ ತಿರುಗಿದ. ನಲವತ್ತು ದಿನದ ಮೇಲೆ, ನೇರವಾಗಿ.

"ತಾಯಿಬೇರು ನೋಡಿದ್ಯಾ?"

"ನೋಡಿದೆ. ಒಳಗೂ ಕಪ್ಪಾಗಿದೆ."

"ನೀರು ಇಳಿಯೋಕೆ ಗುಂಡಿ ತಳಕ್ಕೆ ಮರಳು ಹಾಕಿಸಿರಲಿಲ್ವಾ?"

"ಬರೆದು ಕೊಟ್ಟಿದ್ದೆ. ಮರಳು ಬರಲಿಲ್ಲ."

"ನನಗೆ ಹೇಳಿದ್ರೆ ಹೊತ್ತು ಹಾಕ್ತಿದ್ದೆ."

"ಹೇಳೋ ಹಾಗಿತ್ತಾ ಅಪ್ಪ?"

ಮಾಲಿಯ ಕಣ್ಣು ತುಂಬಿಕೊಂಡಿತು. ಮಗ ಅಪ್ಪನ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಇಬ್ಬರೂ ಆ ಬೇರನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಮಾತಾಡಿದರು. ಹೊಲಿಗೆಯಮ್ಮ ಎದ್ದು ಮಗನಿಗೂ ಒಂದು ತಟ್ಟೆ ಇಟ್ಟಳು. ಇಬ್ಬರಿಗೂ ಒಟ್ಟಿಗೆ ಬಡಿಸಿದಳು. ಅವಳು ಬಯಸಿದ್ದು ಅದೇ ತಾನೇ? ಬಡಿಸುವಾಗ ಇಬ್ಬರಲ್ಲಿ ಯಾರೂ ಸಾಕು ಎನ್ನಲಿಲ್ಲ, ಬೇಕು ಎನ್ನಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರು, ಅಷ್ಟೇ.

ಆಮೇಲೆ ಒಲೆ ಒಂದೇ ಸಲ ಉರಿಯತೊಡಗಿತು. ಏಳೂವರೆಗೆ ಅಪ್ಪ ಮಗ ಒಟ್ಟಿಗೆ ಕೂರುತ್ತಿದ್ದರು. ಮರಳಿನ ಮಾತು, ಸಸಿಯ ಮಾತು, ಯಾವ ರಸ್ತೆಯಲ್ಲಿ ಇನ್ನೆಷ್ಟು ಮರಕ್ಕೆ ಗುರುತು ಬಿತ್ತು ಎಂಬ ಮಾತು. ಉಪ್ಪು ಕಡಿಮೆಯಾದರೆ ಮಾಲಿ ಸೊಸೆಯ ಕಡೆ ತಿರುಗಿ, "ಅವಳಿಗೆ ಹೇಳು, ಉಪ್ಪು ಬೇಕು ಅಂತ," ಎನ್ನುತ್ತಿದ್ದ. ಹೊಲಿಗೆಯಮ್ಮ ಅಲ್ಲೇ, ಮೂರು ಹೆಜ್ಜೆ ದೂರದಲ್ಲಿ, ಒಲೆಯ ಹತ್ತಿರ ನಿಂತಿರುತ್ತಿದ್ದಳು. ಸೊಸೆ ಉಪ್ಪಿನ ಡಬ್ಬಿಗೆ ಕೈ ಚಾಚುತ್ತಿದ್ದಳು. ಮಗ ಬೆಳಿಗ್ಗೆ ಹೋಗುವಾಗ ಬರ್ತೀನಿ ಎನ್ನುತ್ತಿದ್ದ. ಅದನ್ನು ಬಾಗಿಲಿಗೆ ಹೇಳುತ್ತಿದ್ದ.

"ನಾನೇ ಅವರ ಹತ್ರ ಮಾತಾಡ್ಲಾ ಅತ್ತೆ?" ಎಂದು ಸೊಸೆ ಒಂದು ದಿನ ಕೇಳಿದಳು.

"ಬೇಡ. ಮಧ್ಯೆ ಹೋಗಬೇಡ ನೀನು," ಎಂದಳು ಹೊಲಿಗೆಯಮ್ಮ. "ಇವತ್ತಲ್ಲ ನಾಳೆ ಅವರಾಗೇ ಆಡ್ತಾರೆ." ಆಡಲಿಲ್ಲ. ಒಂದು ತಿಂಗಳಾಯಿತು. ಅವಳು ಮಿಷನ್ ಮುಂದೆ ಕೂತು, ಯಾರೂ ಇಲ್ಲದ ಹೊತ್ತಿನಲ್ಲಿ ಅತ್ತಳು. ಹೊದಿಕೆ ಕಟ್ಟಿದ್ದರೂ ಬಿಸಿಲು ಕಿಟಕಿಯ ಸಂದಿಯಲ್ಲಿ ನುಗ್ಗಿ ಕೈ ಸುಡುತ್ತಿತ್ತು.

ಸತ್ತ ಬೇವನ್ನು ಕಿತ್ತು ಒಯ್ದ ಮೇಲೆ ಆ ಗುಂಡಿಗೆ ಅಪ್ಪ ಮಗ ಸೇರಿ ಮೂರು ಗಾಡಿ ಮರಳು ಹಾಕಿದರು. ಒಂದು ಭಾನುವಾರ ಬೆಳಿಗ್ಗೆ ಹೊಸ ಸಸಿ ನೆಡುವುದೆಂದಾಯಿತು. ಸೊಸೆ ರಜೆಯಲ್ಲಿದ್ದಳು, ಅವಳೂ ಹೋದಳು. ಹೊಲಿಗೆಯಮ್ಮನಿಗೆ ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವರು ಹೋಗಿ ಅರ್ಧ ಗಂಟೆಗೆ ಅವಳು ಸೀರೆ ಬದಲಿಸಿ, ಒಂದು ಚಿಕ್ಕ ಕೊಡದಲ್ಲಿ ನೀರು ತುಂಬಿಕೊಂಡು ಹೊರಟಳು. ನೆಟ್ಟ ದಿನ ಮೊದಲ ನೀರು ಬೇಕೇ ಬೇಕಲ್ಲ, ಅದು ತಪ್ಪಾಗಲಾರದು ಎಂದುಕೊಂಡಳು. ಕೈ ನೋಯುತ್ತದೆಂದು ದಾರಿಯಲ್ಲಿ ಎರಡು ಕಡೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಬಯಲಿನ ಗೇಟು ದಾಟಿ ಅವಳು ಒಳಗೆ ಬಂದಾಗ ಮಗ ಸಸಿಯನ್ನು ನೆಟ್ಟಗೆ ಹಿಡಿದಿದ್ದ, ಮಾಲಿ ಮಂಡಿಯೂರಿ ಮಣ್ಣು ಒತ್ತುತ್ತಿದ್ದ. ಮಾಲಿ ತಲೆಯೆತ್ತಿ ಅವಳನ್ನು ನೋಡಿದ, ಕೊಡವನ್ನು ನೋಡಿದ. ಸೊಸೆಗೆ ಹೇಳಿದ. ಬೆಳಗಿನ ಬಯಲು, ಸದ್ದೇ ಇರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಹೊಲಿಗೆಯಮ್ಮನಿಗೆ ಪ್ರತಿಯೊಂದು ಮಾತೂ ಕೇಳಿಸಿತು.

"ಅವಳಿಗೆ ಹೇಳು, ಆ ಕೊಡ ಅಲ್ಲೇ ಇಳಿಸಲಿ ಅಂತ. ಈ ಗಿಡದ ಹತ್ರ ಅವಳು ಬರೋದೇ ಬೇಡ."

ಮಗ ಏನಾದರೂ ಅನ್ನುತ್ತಾನೇನೋ ಎಂದು ಹೊಲಿಗೆಯಮ್ಮ ಕಾದಳು. ಮಗ ಸಸಿಯನ್ನೇ ನೋಡುತ್ತಿದ್ದ.

ಸೊಸೆ ಕೈಯ ಮಣ್ಣು ಕೊಡವಿ ಇಪ್ಪತ್ತು ಹೆಜ್ಜೆ ನಡೆದು ಬಂದಳು. ಸಾವಿರ ಜನರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಹುಡುಗಿ. ಅತ್ತೆಯ ಮುಖ ನೋಡಿ ಬಾಯಿ ತೆರೆದಳು, ಮುಚ್ಚಿದಳು. ಕೊಡವನ್ನು ಅವಳ ಸೊಂಟದಿಂದ ಮೆಲ್ಲಗೆ ಇಳಿಸಿಕೊಂಡು ನೆಲದ ಮೇಲಿಟ್ಟಳು.

"ಅತ್ತೆ, ಇಷ್ಟು ದೂರ ಹೊತ್ಕೊಂಡು ಬಂದು ಸುಸ್ತಾಗಿರ್ತೀರ. ಬಿಸಿಲು ಬೇರೆ ಜೋರಾಯ್ತು. ಸ್ವಲ್ಪ ನೆರಳಲ್ಲಿ ಕೂತ್ಕೊಳ್ಳಿ ಅಂದ್ರು ಮಾವ."

ಹೊಲಿಗೆಯಮ್ಮ ಸೊಸೆಯ ಕೆನ್ನೆಗೆ ಹತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ಆಗ್ಲಮ್ಮ. ಕೂತ್ಕೋತೀನಂತೆ ಅಂತ ಹೇಳು," ಎಂದಳು.

ಸೊಸೆ ಹಿಂದಿರುಗಿ ಹೋದಳು. ಹೊಲಿಗೆಯಮ್ಮ ಕೂರಲು ಜಾಗ ಹುಡುಕಿದಳು. ಎಲೆಯಿಲ್ಲದ ಮೋಟು ಮರಗಳು ಸಾಲಾಗಿ ನಿಂತಿದ್ದ ಆ ಬಯಲಿನಲ್ಲಿ ನೆರಳು ಎಂಬುದು ಎಲ್ಲಿಯೂ ಇರಲಿಲ್ಲ.